ನಿಂತು ನೋಡಿದವರ ನೆನಪು

ಹಳೆಯ ಧಾರಾವಾಹಿಗಳ ಅಭಿಮಾನಿಗಳು ನಾಲ್ಕು ಜನ ಸೇರಿದರೆ ಒಂದು ಮಾತು ತಪ್ಪದೆ ಬರುತ್ತದೆ. 'ಆಹಾ, ಆಗ ಇಡೀ ಕರ್ನಾಟಕವೇ ಒಂದು ಮನೆಯ ಹಾಗೆ ಕೂತು ನೋಡ್ತಿತ್ತು!'

ಈ ಮಾತು ಸುಳ್ಳು. ಇಡೀ ಕರ್ನಾಟಕ ಕೂತಿರಲಿಲ್ಲ. ಕರ್ನಾಟಕದ ಒಂದು ಪಾಲು ನಿಂತಿತ್ತು. ಕಿಟಕಿಯ ಸರಳು ಹಿಡಿದು, ಹೊಸಲಿನಾಚೆ, ಕೈಯಲ್ಲಿ ಪೊರಕೆ ಇಟ್ಟುಕೊಂಡು, ಸೋಪಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ನಿಂತಿತ್ತು. ಹಾಗೆ ನಿಂತವರ ಮಕ್ಕಳು ನಾವು. ನಮ್ಮ ಮನೆಗಳಲ್ಲಿ ಡಿಗ್ರಿ ಕಾಗದ ಕಂಡ ಮೊದಲ ತಲೆ. ನೆನಪಿನ ಲೆಕ್ಕ ಹೇಳುವವರ ಜೊತೆ ನಮ್ಮದೂ ಒಂದಿಷ್ಟು ಲೆಕ್ಕ ಇದೆ.

ನಾವು ಕೋಣನಕುಂಟೆಯವರು. ಊರ ಹೆಸರಲ್ಲೇ ಕೋಣ ಇದೆ, ಕುಂಟೆ ಇದೆ. ಕನಕಪುರ ರಸ್ತೆಯ ಮೇಲೆ ಈಗ ಮೆಟ್ರೋ ಓಡುತ್ತದೆ. 2021ರ ಜನವರಿಯಲ್ಲಿ ಕೋಣನಕುಂಟೆ ಕ್ರಾಸ್ ನಿಲ್ದಾಣವೂ ತೆರೆಯಿತು. ಸುತ್ತ ಮುಗಿಲು ಮುಟ್ಟುವ ಅಪಾರ್ಟ್‌ಮೆಂಟುಗಳು ಎದ್ದಿವೆ. ಬೆಳಗಾದರೆ ನಮ್ಮ ಅವ್ವಂದಿರು, ಚಿಕ್ಕವ್ವಂದಿರು ಅಲ್ಲಿಗೂ ಜೆ.ಪಿ. ನಗರಕ್ಕೂ ಮನೆಗೆಲಸಕ್ಕೆ ಹೋಗುತ್ತಾರೆ. ಒಬ್ಬಳಿಗೆ ನಾಲ್ಕು ಮನೆ. ರಾತ್ರಿಯ ಧಾರಾವಾಹಿ ಮಧ್ಯಾಹ್ನ ಮರುಪ್ರಸಾರವಾಗುತ್ತದೆ. ಒಂದು ಮನೆಯಲ್ಲಿ ಅರ್ಧ ಕಂತು ನೋಡಿ, ಪಾತ್ರೆ ಬೋರಲು ಹಾಕಿ, ಮುಂದಿನ ಮನೆಗೆ ಹೋಗುವಷ್ಟರಲ್ಲಿ ಉಳಿದರ್ಧ ಮುಗಿದಿರುತ್ತದೆ. ಅರ್ಧರ್ಧ ಕಂತುಗಳನ್ನು ಮನಸ್ಸಿನಲ್ಲೇ ಹೊಲಿದುಕೊಂಡು ಇಡೀ ಕಥೆ ಮಾಡಿಕೊಂಡವರು ಇವರು. ಇವರನ್ನು ಅಭಿಮಾನಿಗಳು ಅಂತ ಯಾರಾದರೂ ಕರೆದಿದ್ದಾರಾ?

ಆ ಮನೆಗಳ ಸೋಫಾಗಳ ಮೇಲೆ ನೆನಪಿನ ಜಾತ್ರೆ ನಡೆಯುತ್ತಲೇ ಇರುತ್ತದೆ. 1998ರಲ್ಲಿ ದೂರದರ್ಶನದಲ್ಲಿ ಬಂದ 'ಮಾಯಾಮೃಗ'ದಿಂದ ಜಾತ್ರೆ ಶುರು. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದ್ದು. ಆಮೇಲೆ 'ಮನ್ವಂತರ', 'ಮುಕ್ತ', 'ಮುಕ್ತ ಮುಕ್ತ'. ಕರಿಕೋಟಿನ ವಕೀಲ ಸಿ.ಎಸ್.ಪಿ. ಕೋರ್ಟಿನಲ್ಲಿ ಎದ್ದು ನಿಂತರೆ ಊಟದ ತಟ್ಟೆ ಹಾಗೇ ಒಣಗುತ್ತಿತ್ತಂತೆ. 2018ರಲ್ಲಿ ಶುರುವಾದ 'ಮಗಳು ಜಾನಕಿ' 2020ರ ಲಾಕ್‌ಡೌನಿಗೆ ಸಿಕ್ಕು ನಿಂತುಹೋದಾಗ ಮನೆಯವರೇ ಹೋದಷ್ಟು ಸಂಕಟಪಟ್ಟರು. ನೆನಪಿಗೆ ಎಷ್ಟು ಬೆಲೆ ಇದೆಯೆಂದರೆ, 2022ರಲ್ಲಿ ಅದೇ ಮೂವರು ನಿರ್ದೇಶಕರು 'ಮತ್ತೆ ಮಾಯಾಮೃಗ' ಎಂದು ಸಿರಿಕನ್ನಡ ವಾಹಿನಿಗೆ ಮುಂದುವರಿಸಿ ತಂದರು. ಇಪ್ಪತ್ತನಾಲ್ಕು ವರ್ಷದ ಮೇಲೂ ಆ ಮನೆಯ ಬಾಗಿಲು ತಟ್ಟಿದರೆ ತೆಗೆಯುವವರಿದ್ದರು.

ಗೆಳೆಯರೇ, ನಾವು ಧಾರಾವಾಹಿಗಳನ್ನು ಉಗಿಯಲು ಬಂದಿಲ್ಲ. 1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ನಾಡು ಹೊತ್ತಿ ಉರಿಯಿತು, ಅವರ ಮಂತ್ರಿಗಿರಿ ಹೋಯಿತು. ಆ ಮಾತಿನ ಬೆಳಕಿನಲ್ಲಿ ಬೆಳೆದವರು ನಾವು. ಆದರೂ ಧಾರಾವಾಹಿಯನ್ನು ಬೂಸಾ ಎಂದು ಎತ್ತಿ ಎಸೆಯುವುದು ಸುಲಭದ ಕೆಲಸ. ಅದನ್ನು ನಮ್ಮ ಬುದ್ಧಿಜೀವಿಗಳು ಬೇಕಾದಷ್ಟು ಮಾಡಿದ್ದಾರೆ. 'ಹೆಂಗಸರ ಗೋಳು' ಎಂದು ಮೂಗು ಮುರಿದಿದ್ದಾರೆ. ನಮ್ಮ ಅವ್ವಂದಿರು ಆ ಗೋಳಿನಲ್ಲಿ ತಮ್ಮ ಗೋಳು ಕಂಡು ಅತ್ತಿದ್ದಾರೆ. ಹೆಂಗಸು ಕೋರ್ಟಿನ ಮೆಟ್ಟಿಲು ಹತ್ತಬಹುದು, ಜೀವನಾಂಶ ಕೇಳಬಹುದು ಎಂಬ ಮಾತು ನಮ್ಮ ಕೇರಿಗೆ ಕಾನೂನು ಪುಸ್ತಕದಿಂದ ಬರಲಿಲ್ಲ. ಸೀತಾರಾಮರ ಕೋರ್ಟು ಸೀನಿನಿಂದಲೂ ಅಷ್ಟಿಷ್ಟು ಬಂತು. ಆ ಋಣವನ್ನು ನಾವು ಮರೆಯುವುದಿಲ್ಲ.

ನಾವು ಕೇಳುವುದು ಬೇರೆ. ಇಷ್ಟು ಪ್ರೀತಿಯಿಂದ ನೋಡಿದ ನಮ್ಮವರಿಗೆ ಆ ಕಥೆಯೊಳಗೆ ಜಾಗ ಎಲ್ಲಿತ್ತು?

ಹೆಸರುಗಳನ್ನೇ ನೋಡಿ. 'ಗೃಹಭಂಗ', 'ಮೂಡಲ ಮನೆ', 'ಮನೆಯೊಂದು ಮೂರು ಬಾಗಿಲು'. ಕನ್ನಡ ಧಾರಾವಾಹಿಯ ನಿಜವಾದ ನಾಯಕ ಮನೆ. ಹಜಾರ, ಮಹಡಿ ಮೆಟ್ಟಿಲು, ದೇವರಮನೆ, ಅಡುಗೆಮನೆ. ಸೊಸೆ ಒಳಗೆ ಬರುವುದು, ಅತ್ತೆ ಹೊರಗೆ ಹಾಕುವುದು, ಬೀಗದ ಕೈ ಗೊಂಚಲು ಯಾರ ಸೊಂಟಕ್ಕೆ ಎನ್ನುವುದು. ಸಾವಿರ ಕಂತು ಈ ಜಗಳ ನಡೆಯುತ್ತದೆ. ಆದರೆ ದೇವರಮನೆಗೆ ಯಾರು ಬರಬಾರದು, ಅಡುಗೆಮನೆಯ ಬಿಂದಿಗೆ ಯಾರು ಮುಟ್ಟಬಾರದು ಎಂಬ ಜಗಳ ಮಾತ್ರ ಒಂದು ಕಂತಿಗೂ ಬರುವುದಿಲ್ಲ. ಯಾಕಂದ್ರೆ ಅದು ಕಥೆ ಶುರುವಾಗುವ ಮೊದಲೇ ತೀರ್ಮಾನವಾಗಿಬಿಟ್ಟಿದೆ. ನಿಜವಾದ ಮನೆಯಲ್ಲಿ ಆಗಿರುವ ಹಾಗೇ.

'ಅಗ್ನಿಸಾಕ್ಷಿ' 2013ರಿಂದ 2020ರವರೆಗೆ ನಡೆಯಿತು. ಸಿದ್ಧಾರ್ಥ, ಸನ್ನಿಧಿ ಅಂದರೆ ಇವತ್ತಿಗೂ ಕಣ್ಣರಳಿಸುವವರಿದ್ದಾರೆ, ನಮ್ಮ ಕೇರಿಯಲ್ಲೂ ಇದ್ದಾರೆ. ಸಿದ್ಧಾರ್ಥ! ಅರಮನೆ ಬಿಟ್ಟು ಹೋದವನ ಹೆಸರು. ಧಾರಾವಾಹಿಯ ಸಿದ್ಧಾರ್ಥ ಬಂಗಲೆ ಬಿಟ್ಟು ಆಚೆ ಬಂದು ನಮ್ಮನ್ನು ನೋಡಲಿಲ್ಲ. 'ಲಕ್ಷ್ಮೀ ಬಾರಮ್ಮ'ದ ಗೊಂಬೆಗಾಗಿ ಕಣ್ಣೀರು ಹಾಕಿದ ನಮ್ಮಕ್ಕಂದಿರು 'ಪುಟ್ಟಗೌರಿ ಮದುವೆ'ಯ ಗೌರಿಗೆ ಕಷ್ಟ ಬಂದಾಗ ಊಟ ಬಿಟ್ಟರು. ಗೌರಿಯ ಮನೆಯಲ್ಲಿ ಕಸ ಗುಡಿಸಿದವಳ ಹೆಸರು ಯಾರಿಗಾದರೂ ನೆನಪಿದೆಯಾ? ನೆನಪಿನ ಜಾತ್ರೆಯಲ್ಲಿ ಒಬ್ಬರೂ ಹೇಳಲಾರರು. ಧಾರಾವಾಹಿಯ ಕೆಲಸದವಳು ಕಾಫಿ ತಟ್ಟೆ ಹಿಡಿದು ಬರುತ್ತಾಳೆ, ಬಾಗಿಲ ಮರೆಯಲ್ಲಿ ಕೇಳಿಸಿಕೊಂಡದ್ದನ್ನು ಚಾಡಿ ಹೇಳುತ್ತಾಳೆ, ಇಲ್ಲವೇ ತಮಾಷೆ ಮಾಡುತ್ತಾಳೆ, ಹೋಗುತ್ತಾಳೆ. ಅವಳಿಗೆ ಗಂಡ ಇದ್ದಾನಾ, ಮಕ್ಕಳು ಏನು ಓದುತ್ತಿದ್ದಾರೆ, ಬಾಡಿಗೆ ಎಷ್ಟು, ಮುಟ್ಟಾದ ದಿನ ನಾಲ್ಕು ಮನೆ ಹೇಗೆ ತಿಕ್ಕುತ್ತಾಳೆ, ಯಾರಿಗೂ ಬೇಡ.

'ಅಯ್ಯೋ, ಮನರಂಜನೆಗೂ ಜಾತಿ ತರ್ತೀರಲ್ಲಪ್ಪ!' ಎಂದು ಕೆಲವರು ಮುಖ ಸಿಂಡರಿಸುತ್ತಾರೆ. ಸ್ವಾಮೀ, ನಾವು ತರಲಿಲ್ಲ. ಅದು ಅಲ್ಲೇ ಕೂತಿದೆ. ಜಾತಕ ನೋಡುವಲ್ಲಿ ಕೂತಿದೆ, ಮನೆತನದ ಮರ್ಯಾದೆ ಎಂಬ ಮಾತಿನಲ್ಲಿ ಕೂತಿದೆ, ಒಂದೇ ಥರದ ಮದುವೆಯನ್ನು ತಿಂಗಳುಗಟ್ಟಲೆ ತೋರಿಸುವಲ್ಲಿ ಕೂತಿದೆ. 'ಬಡವರ ಹುಡುಗಿ ಶ್ರೀಮಂತರ ಸೊಸೆಯಾಗುವ ಕಥೆ ಇದೆಯಲ್ಲ' ಎಂದು ಇನ್ನೊಬ್ಬರು ಸಮಾಧಾನ ಹೇಳುತ್ತಾರೆ. ಇದೆ, ದಂಡಿಯಾಗಿದೆ. ಆದರೆ ಆ ಬಡವಿ ದುಡ್ಡಿಗೆ ಮಾತ್ರ ಬಡವಿ. ಅವಳಿಗೆ ಹಟ್ಟಿ ಇಲ್ಲ, ಕೇರಿ ಇಲ್ಲ. ಅವಳ ಅಪ್ಪ ಏನು ಕೆಲಸ ಮಾಡುತ್ತಿದ್ದ, ಊರಿನ ಯಾವ ದಿಕ್ಕಿನಲ್ಲಿ ಮನೆ ಎಂದು ಯಾರೂ ಕೇಳುವುದಿಲ್ಲ. ನಿಜವಾದ ಸಂಬಂಧ ಬೆಳೆಸುವಾಗ ಮೊದಲು ಕೇಳುವ ಪ್ರಶ್ನೆಯೇ ಅದು. ಅದನ್ನು ಕೇಳದೆ ಬಿಡುವುದನ್ನು ಜಾತ್ಯತೀತತೆ ಎನ್ನುತ್ತೀರಾ? ನಾವು ಕಳ್ಳತನ ಎನ್ನುತ್ತೇವೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 17 ಜನ ಪರಿಶಿಷ್ಟ ಜಾತಿಯವರು. ಸಿನಿಮಾದಲ್ಲಿ 1975ರಲ್ಲೇ ಬಿ.ವಿ. ಕಾರಂತರ ಚೋಮ ದುಡಿ ಬಡಿದ. ಕಿರುತೆರೆಗೆ ಆ ದುಡಿಯ ಸದ್ದು ಯಾಕೆ ಕೇಳಿಸಲಿಲ್ಲ?

ಒಂದು ಕಾರಣ ಲೆಕ್ಕದ್ದು. ಧಾರಾವಾಹಿ ಬದುಕುವುದು ಟಿ.ಆರ್.ಪಿ. ಮೇಲೆ. ಆಯ್ದ ಕೆಲವು ಮನೆಗಳ ಟಿವಿಗೆ ಮೀಟರು ಕೂರಿಸುತ್ತಾರೆ, ಮನೆಯ ಒಬ್ಬೊಬ್ಬರಿಗೂ ಒಂದೊಂದು ಗುಂಡಿ. ಆ ಮನೆ ಯಾವ ದರ್ಜೆಯದು ಎಂಬುದು ವರ್ಷಗಟ್ಟಲೆ ನಿರ್ಧಾರವಾದದ್ದು ಯಜಮಾನನ ಓದು ಮತ್ತು ಮನೆಯೊಳಗಿನ ಸಾಮಾನಿನ ಮೇಲೆ: ಫ್ರಿಡ್ಜು ಇದೆಯಾ, ಬಟ್ಟೆ ಒಗೆಯುವ ಮಿಷನ್ನಿದೆಯಾ, ಕಾರಿದೆಯಾ. ಆ ಫ್ರಿಡ್ಜು ಒರೆಸುವವಳು ಬಾಗಿಲ ಹತ್ತಿರ ನಿಂತು ನೋಡಿದರೆ ಅವಳಿಗಾಗಿ ಗುಂಡಿ ಒತ್ತುವವರು ಯಾರು? ಸೋಪು ಮಾರುವವನಿಗೆ ಸೋಪು ಕೊಳ್ಳುವವರ ಕಣ್ಣು ಬೇಕು. ಸೋಪಿನಲ್ಲಿ ಕೈ ಸವೆಸಿದವರ ಕಣ್ಣು ಅವನ ಲೆಕ್ಕಕ್ಕಿಲ್ಲ.

ಇನ್ನೊಂದು ಕಾರಣ ಕನ್ನಡಾಭಿಮಾನದ್ದು. 2012ರಲ್ಲಿ ಆಮೀರ್ ಖಾನರ 'ಸತ್ಯಮೇವ ಜಯತೇ' ಬಂತು. ಅದರ ಒಂದು ಕಂತು ಇಡಿಯಾಗಿ ಅಸ್ಪೃಶ್ಯತೆಯ ಮೇಲಿತ್ತು. ತಮಿಳು, ತೆಲುಗು, ಮಲಯಾಳಂ ಜನ ಅದನ್ನು ತಮ್ಮ ಮಾತಿನಲ್ಲಿ ಕೇಳಿದರು. ನಮ್ಮ ಅವ್ವಂದಿರು ಕೇಳಲಿಲ್ಲ. ಡಬ್ಬಿಂಗ್ ಬಂದರೆ ಕನ್ನಡ ಸಾಯುತ್ತದೆ ಎಂದು ನಮ್ಮ ಚಿತ್ರೋದ್ಯಮ, ಕಿರುತೆರೆಯ ಮಂದಿ ಅಡ್ಡ ನಿಂತಿದ್ದರು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ಕಾನೂನಿಗೆ ವಿರುದ್ಧ ಎಂದಿತು. ಕಲಾವಿದರ, ಕಾರ್ಮಿಕರ ಹೊಟ್ಟೆಪಾಡಿನ ಭಯ ನಮಗೆ ಅರ್ಥವಾಗುತ್ತದೆ, ನಮ್ಮ ಹುಡುಗರೂ ಸೆಟ್ಟಿನಲ್ಲಿ ಲೈಟು ಹೊರುತ್ತಾರೆ. ಆದರೆ ಡಬ್ಬಿಂಗಿಗೆ ಬೇಲಿ ಹಾಕಿದವರು ಬೇಲಿಯೊಳಗೆ ನಮ್ಮ ಕಥೆಗೆ ಒಂದು ಗೇಣು ಜಾಗ ಬಿಟ್ಟಿದ್ದರೇ?

ಆಮೇಲೆ 2020. ಲಾಕ್‌ಡೌನಿನಲ್ಲಿ ಶೂಟಿಂಗು ನಿಂತಿತ್ತು. ವಾಹಿನಿಗಳು ಡಬ್ಬಿಂಗಿನ ಕಡೆ ತಿರುಗಿದವು. ಹಿಂದಿಯಲ್ಲಿ 2019ರ ಡಿಸೆಂಬರಿನಲ್ಲಿ ಶುರುವಾಗಿದ್ದ ಅಂಬೇಡ್ಕರ್ ಧಾರಾವಾಹಿ ಜುಲೈ ತಿಂಗಳಲ್ಲಿ 'ಮಹಾನಾಯಕ' ಎಂಬ ಹೆಸರಿನಲ್ಲಿ ಜೀ ಕನ್ನಡದಲ್ಲಿ ಬಂತು. ಗೋಣಿತಾಟು ಹಾಸಿಕೊಂಡು ಶಾಲೆಯಲ್ಲಿ ದೂರ ಕೂತ ಹುಡುಗ ನಮ್ಮ ಮನೆಯ ಟಿವಿಯಲ್ಲಿ ಕನ್ನಡ ಮಾತಾಡಿದ. ಏನಾಯಿತು ನೆನಪಿದೆಯಾ? ಊರೂರಿನ ಕೇರಿಗಳ ಮುಂದೆ ಧಾರಾವಾಹಿಯ ಫ್ಲೆಕ್ಸು ಎದ್ದವು. ಸಿನಿಮಾ ಹೀರೋಗೆ ಫ್ಲೆಕ್ಸು ಕಂಡಿದ್ದೇವೆ, ಎಂ.ಎಲ್.ಎ.ಗೆ ಕಂಡಿದ್ದೇವೆ. ಒಂದು ಧಾರಾವಾಹಿಗೆ ಜನ ತಾವೇ ಕೈಯಿಂದ ದುಡ್ಡು ಹಾಕಿ ಫ್ಲೆಕ್ಸು ಕಟ್ಟಿದ್ದನ್ನು ಅದೇ ಮೊದಲು ಕಂಡೆವು. ಅದೇ ಹೊತ್ತಿಗೆ ವಾಹಿನಿಯ ಮುಖ್ಯಸ್ಥ ರಾಘವೇಂದ್ರ ಹುಣಸೂರು ಅವರಿಗೆ ಪ್ರಸಾರ ನಿಲ್ಲಿಸಿ ಎಂದು ಬೆದರಿಕೆಗಳು ಬಂದವು. ಪ್ರಸಾರ ನಿಲ್ಲಲಿಲ್ಲ.

ಅತ್ತೆ ಸೊಸೆಗೆ ವಿಷ ಹಾಕುವುದನ್ನು ವರ್ಷಗಟ್ಟಲೆ ತೋರಿಸಿದರೂ ಯಾರೂ ನಡುರಾತ್ರಿ ಫೋನು ಮಾಡಿ ಬೆದರಿಸಿದ್ದನ್ನು ನಾವು ಕೇಳಿಲ್ಲ. ಒಬ್ಬ ಹುಡುಗನ ಬಾಯಾರಿಕೆ ತೋರಿಸಿದ್ದಕ್ಕೆ ಬೆದರಿಸಿದರು. ಮನರಂಜನೆಗೆ ಜಾತಿ ತಂದವರು ಯಾರು, ಈಗ ಹೇಳಿ.

ಹಳೆಯ ಧಾರಾವಾಹಿಗಳ ನೆನಪಿನ ಜಾತ್ರೆಯಲ್ಲಿ 'ಮಹಾನಾಯಕ'ದ ಹೆಸರು ನಮಗೆ ಕೇಳಿಬಂದಿಲ್ಲ. ಆ ಫ್ಲೆಕ್ಸು ಕಟ್ಟಿದವರನ್ನು ಅಭಿಮಾನಿಗಳ ಪಟ್ಟಿಗೆ ಸೇರಿಸಿದವರನ್ನೂ ಕಂಡಿಲ್ಲ. ಇರಲಿ. ನಮಗೆ ಅದಕ್ಕಿಂತ ಕಹಿಯಾದ ಮಾತು ಒಂದಿದೆ. ಬಾಬಾಸಾಹೇಬರು ನಮ್ಮ ಹಜಾರಕ್ಕೆ ಬಂದದ್ದು ಹಿಂದಿಯ ದಾರಿಯಲ್ಲಿ. ದಲಿತ ಸಾಹಿತ್ಯ ಇಷ್ಟು ಹುಲುಸಾಗಿ ಬೆಳೆದ ಕನ್ನಡದಲ್ಲಿ, ನಮ್ಮ ಹಟ್ಟಿಯ ಮಾತಿನಲ್ಲಿ, ನಮ್ಮವರೇ ಬರೆದ, ಸಾವಿರ ಕಂತಿನ ಒಂದು ಕಥೆಯನ್ನು ಯಾವ ವಾಹಿನಿ ಕೈಗೆತ್ತಿಕೊಂಡಿತು?

ಕಲಾವಿದರಿಲ್ಲ ಎನ್ನಬೇಡಿ. ದೇವನೂರ ಮಹಾದೇವರ 'ಒಡಲಾಳ' ರಂಗಕ್ಕೆ ಬಂದಾಗ, ಕಳೆದ ಹುಂಜವನ್ನು ಹುಡುಕುವ ಸಾಕವ್ವನಾಗಿ ಉಮಾಶ್ರೀಯವರು ನಿಂತದ್ದನ್ನು ಕಂಡವರು ಇನ್ನೂ ಹೇಳುತ್ತಾರೆ. ಅದೇ ಉಮಾಶ್ರೀ 2021ರ ಡಿಸೆಂಬರಿನಿಂದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಮೆಸ್ಸು ನಡೆಸುವ ಪುಟ್ಟಕ್ಕನಾಗಿ ಮನೆಮನೆ ಹೊಕ್ಕರು. ದುಡಿಯುವ ಹೆಂಗಸು ನಾಯಕಿಯಾದರೆ ಜನ ನೋಡುವುದಿಲ್ಲ ಎಂಬ ನೆಪ ಅಲ್ಲಿಗೆ ಮುಗಿಯಿತು. ಪುಟ್ಟಕ್ಕನನ್ನು ಒಪ್ಪಿದ ನಾಡು ಸಾಕವ್ವನನ್ನು ಒಪ್ಪುವುದಿಲ್ಲವೇ? ಕೇಳಿ ನೋಡಿದವರು ಯಾರು?

ಆದ್ದರಿಂದ ಧಾರಾವಾಹಿ ಬರೆಯುವವರಿಗೆ ನಾವು ಹೇಳುವುದು ಇಷ್ಟೇ. ಕೆಲಸದವಳಿಗೆ ಹೆಸರಿಡಿ. ಅವಳ ಹಿಂದೆ ಕ್ಯಾಮರಾ ಹೋಗಲಿ. ಕನಕಪುರ ರಸ್ತೆ ದಾಟಲಿ, ಅವಳ ಹತ್ತಡಿ ಮನೆಯ ಬಾಗಿಲು ತೆಗೆಯಲಿ. ಅಲ್ಲೂ ಅತ್ತೆ ಇದ್ದಾಳೆ, ಸೊಸೆ ಇದ್ದಾಳೆ, ಪ್ರೀತಿ ಇದೆ, ಮೋಸ ಇದೆ, ನಿಮಗೆ ಬೇಕಾದಷ್ಟು ಕಂತುಗಳಿವೆ.

ನಮ್ಮವರಿಗೆ ಹೇಳುವುದೂ ಇದೆ. ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮ ಅವ್ವಂದಿರನ್ನು ಕೂರಿಸಿ ಕೇಳಿ. ಯಾವ ಧಾರಾವಾಹಿ ಯಾರ ಮನೆಯಲ್ಲಿ ನೋಡಿದಳು, ಎಲ್ಲಿ ನಿಂತು ನೋಡಿದಳು, ಅವಳು ನೋಡುವುದನ್ನು ಕಂಡು ಟಿವಿ ಆರಿಸಿದವರು ಯಾರು, 'ಬಾ, ಕೂತ್ಕೊ' ಅಂದವರು ಯಾರು. ಎಲ್ಲವನ್ನೂ ಬರೆದುಕೊಳ್ಳಿ. ಕನ್ನಡ ಧಾರಾವಾಹಿಯ ಚರಿತ್ರೆಯನ್ನು ಕೂತವರು ತಮ್ಮ ಪಾಡಿಗೆ ಹೇಳುತ್ತಿದ್ದಾರೆ. ನಿಂತವರದು ಇನ್ನೂ ಬರೆದಾಗಿಲ್ಲ. ಅದನ್ನು ಬರೆಯಲು ಅಕ್ಷರ ಕಲಿತವರು ಈಗ ನಾವಿದ್ದೇವೆ.