ಬಣ್ಣದ ಮೀನು, ಬೆಳೆಯುವ ಹೊಣೆ

ಬ್ರೆಜಿಲ್‌ನ ಶಿಂಗು ನದಿಯ ಬಂಡೆಗಳ ಸಂದಿಯಲ್ಲಿ ಬದುಕುವ ಸನ್‌ಶೈನ್ ಪ್ಲೆಕೋ, ಎಲುಬಿನ ಫಲಕಗಳನ್ನೇ ಕವಚವಾಗಿ ತೊಟ್ಟ ಮೀನು. ಅದರ ಈಜುರೆಕ್ಕೆಗಳ ಹೊಂಬಣ್ಣಕ್ಕೆ ಮಾರುಹೋಗದವರು ವಿರಳ. ಆದರೆ ಕೊಳ್ಳುವಾಗ ಬೆರಳುದ್ದವಿರುವ ಮರಿ ಬೆಳೆದು ಸುಮಾರು 30 ಸೆಂಟಿಮೀಟರ್ ಮುಟ್ಟುತ್ತದೆ. ಅದಕ್ಕೆ ನೂರಾರು ಲೀಟರ್ ಬೆಚ್ಚನೆಯ ನೀರು, ಅಡಗಲು ಕಲ್ಲಿನ ಪೊಟರೆ, ರಭಸದ ಹರಿವು, ಹೇರಳ ಆಮ್ಲಜನಕ ಬೇಕು. ಪಾಚಿ ತಿಂದು ತೊಟ್ಟಿಯನ್ನು ಶುಚಿಗೊಳಿಸೀತೆಂಬ ನಿರೀಕ್ಷೆಯೂ ಸಲ್ಲದು. ಇದು ಬಹುಮಟ್ಟಿಗೆ ಮಾಂಸಾಹಾರಿ.

ಸಾಕುವ ಹವ್ಯಾಸ ತಪ್ಪಲ್ಲ. ಆದರೆ 2016ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿದ ಬೆಲೊ ಮೊಂಟೆ ಅಣೆಕಟ್ಟು, ಶಿಂಗುವಿನ ದೊಡ್ಡ ತಿರುವಿಗೆ ಹರಿಯಬೇಕಾದ ನೀರಿನ ಬಹುಪಾಲನ್ನು ಬೇರೆಡೆ ತಿರುಗಿಸಿದೆ. ತವರೇ ಬಡವಾಗುತ್ತಿರುವಾಗ ನದಿಯಿಂದ ಹಿಡಿದ ಮೀನಿಗಿಂತ ಸಾಕಣೆಯಲ್ಲಿ ಹುಟ್ಟಿದ ಮರಿಯನ್ನು ಕೇಳಿ ಪಡೆಯುವುದು ಲೇಸು.

ಸಾಕಲಾಗದಾಗ ಕೆರೆಗೆ ಬಿಡುವುದಂತೂ ಕೂಡದು. ಅಕ್ವೇರಿಯಂ ವ್ಯಾಪಾರದ ಮೂಲಕ ಬಂದ ಇದರ ದಾಯಾದಿ ಸಕ್ಕರ್ ಮೀನು, ಇಂದು ಆಂಧ್ರದಿಂದ ಬಂಗಾಳದವರೆಗೆ ನಮ್ಮ ಜಲಾಶಯಗಳಲ್ಲಿ ಹಬ್ಬಿ ಬೆಸ್ತರ ಬಲೆಗಳನ್ನು ಹರಿಯುತ್ತಿದೆ. ಮನೆಯ ಅಲಂಕಾರ ಇನ್ನೊಬ್ಬರ ಅನ್ನಕ್ಕೆ ಎರವಾಗಬಾರದು. ಮರಿಯ ಬಣ್ಣವನ್ನಷ್ಟೇ ಅಲ್ಲ, ಬೆಳೆದ ಮೀನಿನ ಅಳತೆಯನ್ನೂ ವಿಚಾರಿಸಿ ಕೊಳ್ಳುವುದು ಸಾಕುವವರ ಮೊದಲ ಕರ್ತವ್ಯ.