ದೊಡ್ಡವರ ಲಸಿಕೆ ಮತ್ತು ಮೆಡಿಕಲ್ ಶಾಪಿನ ಕೌಂಟರ್

ತುಕ್ಕು ಹಿಡಿದ ಮೊಳೆ ಚುಚ್ಚಿದರೆ ಟಿಟಿ, ನಾಯಿ ಕಚ್ಚಿದರೆ ರೇಬೀಸ್ ಸೂಜಿ. ದೊಡ್ಡವರ ಲಸಿಕೆಯ ಬಗ್ಗೆ ನಮ್ಮ ಬೆಂಗಳೂರಿನ ಬಹುಪಾಲು ಜನರಿಗಿರುವ ತಿಳಿವಳಿಕೆ ಇಷ್ಟೇ. ಎರಡೂ ಪೆಟ್ಟು ಬಿದ್ದ ಮೇಲೆ ಓಡುವ ಓಟ. ಕಾಯಿಲೆ ಬರುವ ಮೊದಲೇ ಹಾಕಿಸಿಕೊಳ್ಳಬೇಕಾದ ಫ್ಲೂ, ನ್ಯುಮೋಕಾಕಲ್, ಹೆಪಟೈಟಿಸ್ ಬಿ, ಐವತ್ತು ದಾಟಿದವರಿಗೆ ಸರ್ಪಸುತ್ತಿನ ಲಸಿಕೆ, ಇವು ಶಿವಾಜಿನಗರದಲ್ಲಾಗಲಿ ಕೆ.ಆರ್. ಪುರದಲ್ಲಾಗಲಿ ಮನೆಮಾತಿಗೆ ಬರುವುದೇ ಇಲ್ಲ.

ಮಕ್ಕಳ ವಿಷಯ ಹೀಗಿಲ್ಲ. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಬಂದಮೇಲೆ ಕೂಸಿಗೆ ಯಾವ ತಿಂಗಳು ಯಾವ ಲಸಿಕೆ ಎಂದು ಕಾರ್ಡಿನಲ್ಲಿ ಬರೆದುಕೊಡುತ್ತಾರೆ. ತಪ್ಪಿದರೆ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬರುತ್ತಾರೆ. ಗರ್ಭಿಣಿಯರನ್ನೂ ಕೇಳುತ್ತಾರೆ. ಅದಾದ ಮೇಲೆ ಕೇಳುವವರಿಲ್ಲ. 2021ರ ಮಾರ್ಚ್ 1ರಂದು ಅರವತ್ತು ದಾಟಿದವರಿಗೆ ಕೋವಿಡ್ ಲಸಿಕೆ ಶುರುವಾಯಿತು. ವಯಸ್ಸಾದವರನ್ನು ಸರ್ಕಾರ ಲಸಿಕೆಗೆಂದು ಕೂಗಿ ಕರೆದ ಅಪರೂಪದ ಕಾಲ ಅದು. ಆ ಕೂಗು ನಿಂತುಹೋಯಿತು, ಕಾಯಿಲೆಗಳು ನಿಂತಿಲ್ಲ.

ಹಾಗಾದರೆ ದೊಡ್ಡವರನ್ನು ತಿಂಗಳು ತಪ್ಪದೆ ನೋಡುವವರು ಯಾರು? ಡಾಕ್ಟರಲ್ಲ. ಆರು ತಿಂಗಳ ಹಿಂದಿನ ಚೀಟಿ ಹಿಡಿದು ಬಿಪಿ ಮಾತ್ರೆ, ಶುಗರ್ ಮಾತ್ರೆ ಕೊಳ್ಳುವ ಊರು ನಮ್ಮದು. ನೋಡುವವರು ಮೆಡಿಕಲ್ ಶಾಪಿನವರು. ಯಾರ ಮನೆಗೆ ಇನ್ಸುಲಿನ್ ಹೋಗುತ್ತದೆ, ಯಾರು ಉಬ್ಬಸಕ್ಕೆ ಇನ್‌ಹೇಲರ್ ಒಯ್ಯುತ್ತಾರೆ, ಯಾರ ತಂದೆ ಡಯಾಲಿಸಿಸ್‌ನಲ್ಲಿದ್ದಾರೆ, ಎಲ್ಲವೂ ಅವರಿಗೆ ಗೊತ್ತು. ಫ್ಲೂ, ನ್ಯುಮೋನಿಯಾ ಲಸಿಕೆ ಎಲ್ಲರಿಗಿಂತ ಮೊದಲು ಬೇಕಾಗಿರುವುದು ಇಂಥವರಿಗೇ. ಡಯಾಲಿಸಿಸ್‌ನವರಿಗೆ ಹೆಪಟೈಟಿಸ್ ಬಿ ಲಸಿಕೆಯಂತೂ ಆಗಲೇಬೇಕು. ಜತೆಗೆ ಭಾಷೆ. ಶಿವಾಜಿನಗರದ ಔಷಧಿ ಅಂಗಡಿಯಾತ ಒಂದೇ ಗಂಟೆಯಲ್ಲಿ ಉರ್ದು, ತಮಿಳು, ಕನ್ನಡ ಮೂರನ್ನೂ ಆಡುತ್ತಾನೆ. ಕೆ.ಆರ್. ಪುರದ ಕಡೆ ತೆಲುಗು, ಹಿಂದಿ ಸೇರುತ್ತವೆ. ಇಲಾಖೆಯ ಯಾವ ಕರಪತ್ರಕ್ಕೂ ಆ ಶಕ್ತಿಯಿಲ್ಲ. ‘ಅಮ್ಮಾ, ಈ ವರ್ಷ ಫ್ಲೂ ಲಸಿಕೆ ಹಾಕಿಸಿಕೊಂಡ್ರಾ? ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ’ ಎಂದು ಬಿಲ್ ಕೊಡುವಾಗ ಆತ ಹೇಳಿದರೆ ಅದು ಮನಸ್ಸಿಗೆ ನಾಟುತ್ತದೆ. ಹೀಗೆ ತಿಳಿಹೇಳುವುದು ಉಪಕಾರವೂ ಅಲ್ಲ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ರೋಗಿಗೆ ಸಲಹೆ ಕೊಡುವುದನ್ನು ಫಾರ್ಮಸಿಸ್ಟನ ಕರ್ತವ್ಯವೆಂದೇ ಹೇಳಿವೆ.

ಶಿವಾಜಿನಗರದ ಸುತ್ತಿನ ಈ ಭಾಗಕ್ಕೆ ಸಾಂಕ್ರಾಮಿಕ ರೋಗ ಹೊಸದಲ್ಲ. 1898ರ ಪ್ಲೇಗ್ ದಂಡು ಪ್ರದೇಶವನ್ನು ಕಂಗೆಡಿಸಿತ್ತು. ಇಕ್ಕಟ್ಟಿನ ಕೇರಿಗಳಿಂದ ಜನರನ್ನು ಬಿಡಿಸಿ ಗಾಳಿ ಬೆಳಕಿರುವ ಹೊಸ ಬಡಾವಣೆ ಕಟ್ಟಬೇಕೆಂಬ ಯೋಚನೆ ಹುಟ್ಟಿದ್ದು ಆಮೇಲೆ. ಫ್ರೇಜರ್ ಟೌನ್ ಆ ಯೋಚನೆಯ ಕೂಸು. ಹಳೆ ಮದ್ರಾಸ್ ರಸ್ತೆಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಗೆ, ಜನರ ಬಾಯಲ್ಲಿ ಐಸೋಲೇಷನ್ ಆಸ್ಪತ್ರೆಗೆ, ಗಂಟಲುಮಾರಿ ಮತ್ತು ರೇಬೀಸ್ ಬಂದವರನ್ನು ಈಗಲೂ ಕರೆತರುತ್ತಾರೆ. ಲಸಿಕೆಯಿಂದ ತಡೆಯಬಹುದಾದ ರೋಗಗಳಿವು.

ದೊಡ್ಡವರ ಲಸಿಕೆಯನ್ನು ನಿಯಮವೇ ಕೇಳುವ ಹೋಟೆಲುಗಳ ವಿಷಯಕ್ಕೆ ಬರೋಣ. ಆಹಾರ ಸುರಕ್ಷತೆ ಕಾಯ್ದೆಯಡಿ 2011ರಲ್ಲಿ ಬಂದ ಪರವಾನಗಿ ನಿಯಮಗಳ ನಾಲ್ಕನೇ ಅನುಸೂಚಿಯನ್ನು ಓದಿ ನೋಡಿ. ಆಹಾರ ಮುಟ್ಟುವ ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು, ಟೈಫಾಯ್ಡ್‌ನಂಥ ಕರುಳಿನ ರೋಗಗಳ ವಿರುದ್ಧ ಲಸಿಕೆ ಆಗಬೇಕು, ಅದರ ದಾಖಲೆ ಇರಬೇಕು. ಮಸೀದಿ ರಸ್ತೆಯ ಕಬಾಬ್ ಅಂಗಡಿಗಳಿಂದ ಹಿಡಿದು ಇಂದಿರಾನಗರದ ನೂರು ಅಡಿ ರಸ್ತೆಯ ದೊಡ್ಡ ರೆಸ್ಟೋರೆಂಟುಗಳವರೆಗೆ ದುಡಿಯುವ ಕೈಗಳೆಷ್ಟು ಎಂದು ಯೋಚಿಸಿ. ಅವರಲ್ಲಿ ಬಹಳ ಮಂದಿ ಬೇರೆ ರಾಜ್ಯದ ಹುಡುಗರು, ಒಂದೇ ಕೋಣೆಯಲ್ಲಿ ಹಲವರು ಮಲಗುವವರು. ಅವರಿಗೆ ಕುಟುಂಬದ ಡಾಕ್ಟರ್ ಎಂಬವರಿಲ್ಲ. ಜ್ವರ ಬಂದರೆ ನೇರ ಮೆಡಿಕಲ್ ಶಾಪಿಗೆ ಬರುತ್ತಾರೆ. ನಿಯಮ ಪುಸ್ತಕದಲ್ಲೇ ಉಳಿಯದಿರಬೇಕಾದರೆ ಹೋಟೆಲ್ ಮಾಲೀಕರು, ಪಕ್ಕದ ಔಷಧಿ ಅಂಗಡಿ ಮತ್ತು ವಾರ್ಡಿನ ಸರ್ಕಾರಿ ‘ನಮ್ಮ ಕ್ಲಿನಿಕ್’ ಮೂವರೂ ಒಂದು ದಿನ ಗೊತ್ತುಮಾಡಿ ಕೂರಬೇಕು. ಆಗದ ಕೆಲಸವಲ್ಲ. ಹಜ್ ಯಾತ್ರೆಗೆ ಹೊರಟವರು ಮೆನಿಂಜೈಟಿಸ್ ಲಸಿಕೆ ಹಾಕಿಸಿಕೊಂಡೇ ಹೊರಡಬೇಕೆಂಬುದು ಸೌದಿ ಅರೇಬಿಯಾದ ನಿಯಮ. ಶಿವಾಜಿನಗರದ ಹಿರಿಯರು ಸರದಿಯಲ್ಲಿ ನಿಂತು ಹಾಕಿಸಿಕೊಳ್ಳುತ್ತಾರೆ. ದಿನ, ಜಾಗ, ಕಾರಣ ಮೂರನ್ನೂ ಸ್ಪಷ್ಟವಾಗಿ ಹೇಳಿದರೆ ದೊಡ್ಡವರು ಲಸಿಕೆಗೆ ಹಿಂಜರಿಯುವುದಿಲ್ಲ.

ಈಗಿನ ಪದ್ಧತಿಯಲ್ಲಿ ನನ್ನನ್ನು ಬಹಳ ಕಾಡುವುದು ಲಸಿಕೆಯನ್ನು ತಂಪಾಗಿಡುವ ವಿಷಯ. ಡಾಕ್ಟರ್ ಚೀಟಿ ಬರೆಯುತ್ತಾರೆ, ರೋಗಿ ಅಂಗಡಿಯಲ್ಲಿ ಲಸಿಕೆ ಕೊಂಡು ಮತ್ತೆ ಕ್ಲಿನಿಕ್ಕಿಗೆ ಒಯ್ಯಬೇಕು. ಹಲಸೂರಿನ ಸಂದಿಯಿಂದ ಕ್ಲಿನಿಕ್ಕಿಗೆ ಹತ್ತು ನಿಮಿಷವಿರಬಹುದು, ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಒಂದು ಗಂಟೆ. ಹೆಚ್ಚಿನ ಲಸಿಕೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಬಿಸಿ ತಗುಲಿದರೆ ಕೆಡುತ್ತದೆಂದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಕೆಡುತ್ತದೆಂಬುದು ಅನೇಕರಿಗೆ ಗೊತ್ತಿಲ್ಲ. ಹೆಪಟೈಟಿಸ್ ಬಿ, ಧನುರ್ವಾಯು ಮತ್ತು ಕೆಲವು ನ್ಯುಮೋಕಾಕಲ್ ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣವಿರುತ್ತದೆ. ಒಮ್ಮೆ ಹೆಪ್ಪುಗಟ್ಟಿ ಕರಗಿದರೆ ಅದು ಗಂಟುಗಟ್ಟಿ ಲಸಿಕೆಯ ಬಲ ಹೋಗುತ್ತದೆ. ಕಾಳಜಿಯಿಂದಲೇ ಐಸ್ ಗಡ್ಡೆಗೆ ಒತ್ತಿಟ್ಟು ಒಯ್ದವರು ದುಡ್ಡು ಕೊಟ್ಟು ನೀರು ಚುಚ್ಚಿಸಿಕೊಂಡಂತೆ. ಅಂಗಡಿಯ ಫ್ರಿಜ್ಜಿನಲ್ಲೂ ಲಸಿಕೆಯನ್ನು ಬಾಗಿಲಿನ ತಟ್ಟೆಯಲ್ಲಿಡಬಾರದು, ಫ್ರೀಜರಿಗೆ ತಾಗಿಸಬಾರದು. ಥರ್ಮಾಮೀಟರ್ ಇಟ್ಟು ದಿನಕ್ಕೆರಡು ಸಲ ಬರೆದಿಡಬೇಕು, ಕರೆಂಟ್ ಹೋದರೆ ಬ್ಯಾಟರಿ ಇರಬೇಕು. ಗ್ರಾಹಕರಾಗಿ ಆ ಪುಸ್ತಕ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ನಾಯಿ ಕಡಿತದ ವಿಷಯದಲ್ಲಿ ಕೌಂಟರಿನ ಒಂದು ಮಾತಿಗೆ ಜೀವದ ಬೆಲೆಯಿದೆ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ರಕ್ತ ಬಂದಿದ್ದರೆ ಲಸಿಕೆಯೊಂದೇ ಸಾಲದು, ಗಾಯಕ್ಕೇ ಕೊಡುವ ಇಮ್ಯುನೋಗ್ಲೋಬ್ಯುಲಿನ್ ಬೇಕು. ಲಸಿಕೆ, ಇಮ್ಯುನೋಗ್ಲೋಬ್ಯುಲಿನ್ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಲಸಿಕೆಯನ್ನು ಎರಡು ಡೋಸಿಗೆ ನಿಲ್ಲಿಸಬೇಡಿ. ಇಷ್ಟನ್ನು ಹೇಳಿ ಬೌರಿಂಗ್ ಆಸ್ಪತ್ರೆಯ ದಾರಿ ತೋರಿಸಿದರೆ ಅಂದು ವ್ಯಾಪಾರ ಆಗದಿರಬಹುದು. ಹಾಗೆ ಮಾಡುವವರನ್ನು ಕಂಡರೆ ನನಗೆ ನಿಜವಾದ ಗೌರವ.

ಫಾರ್ಮಸಿಯಲ್ಲೇ ಲಸಿಕೆ ಚುಚ್ಚಬಹುದೇ ಎಂಬ ಪ್ರಶ್ನೆಯೂ ಇದೆ. ಪೋರ್ಚುಗಲ್, ಐರ್ಲೆಂಡ್, ಇಂಗ್ಲೆಂಡ್, ಅಮೆರಿಕಗಳಲ್ಲಿ ತರಬೇತಿ ಪಡೆದ ಫಾರ್ಮಸಿಸ್ಟರು ಫ್ಲೂ ಲಸಿಕೆ ಹಾಕುತ್ತಾರೆ. ನಮ್ಮಲ್ಲಿ ಅವರಿಗೆ ಆ ಅಧಿಕಾರವಿಲ್ಲ. 2008ರಿಂದ ಆರು ವರ್ಷಗಳ ಫಾರ್ಮ್ ಡಿ ಕೋರ್ಸ್ ನಡೆಯುತ್ತಿದೆ. ಅದನ್ನು ಓದಿದವರಿಗೆ ತರಬೇತಿ ಕೊಟ್ಟು, ಅಲರ್ಜಿಯಾದರೆ ಕೊಡಬೇಕಾದ ಅಡ್ರಿನಲಿನ್, ಡಾಕ್ಟರ ಮೇಲ್ವಿಚಾರಣೆ, ದಾಖಲೆ ಎಲ್ಲ ಇರುವ ಕೆಲವು ಅಂಗಡಿಗಳಲ್ಲಿ ಪ್ರಯೋಗ ಮಾಡಿ ನೋಡುವುದು ಸರಿ ಎಂದು ನನ್ನ ಅಭಿಪ್ರಾಯ. ಎಲ್ಲ ಅಂಗಡಿಗಳಿಗೂ ಈಗಲೇ ಬೇಡ. ಗೋಡೆಯ ಮೇಲೆ ಒಬ್ಬರ ಸರ್ಟಿಫಿಕೇಟ್, ಕೌಂಟರಿನಲ್ಲಿ ಇನ್ನೊಬ್ಬರು ಎಂಬ ಪದ್ಧತಿ ಇನ್ನೂ ಹೋಗಿಲ್ಲ. ನೋಂದಾಯಿತ ಫಾರ್ಮಸಿಸ್ಟ್ ಇಲ್ಲದ ಕಡೆ ಸೂಜಿ ಇರಕೂಡದು.

ದುಡ್ಡಿನ ಮಾತು ಬಿಟ್ಟರೆ ಇದೆಲ್ಲ ಅರ್ಧ ಸತ್ಯ. ಫ್ಲೂ ಲಸಿಕೆಗೇ ಸಾವಿರ ರೂಪಾಯಿಗೂ ಮೇಲಾಗುತ್ತದೆ, ಅದೂ ಪ್ರತಿವರ್ಷ. ಸರ್ಪಸುತ್ತಿನ ಲಸಿಕೆಗೆ ಎರಡು ಡೋಸು, ಬೆಲೆ ಇನ್ನೂ ಹಲವು ಪಟ್ಟು. ಇಂದಿರಾನಗರದ ನಿವೃತ್ತ ಅಧಿಕಾರಿ ಕೊಳ್ಳಬಲ್ಲರು. ರಸೆಲ್ ಮಾರುಕಟ್ಟೆಯಲ್ಲಿ ಮೂಟೆ ಹೊರುವವರು, ಕೆ.ಆರ್. ಪುರದ ಕಟ್ಟಡ ಕಾರ್ಮಿಕರು ಕೊಳ್ಳಲಾರರು. ಅರವತ್ತು ದಾಟಿದ ಸಕ್ಕರೆ ಕಾಯಿಲೆಯವರಿಗೂ ಉಬ್ಬಸದವರಿಗೂ ಫ್ಲೂ, ನ್ಯುಮೋಕಾಕಲ್ ಲಸಿಕೆಯನ್ನು ‘ನಮ್ಮ ಕ್ಲಿನಿಕ್’ಗಳಲ್ಲಿ ಉಚಿತವಾಗಿ ಕೊಡುವ ಹೊಣೆಯನ್ನು ಆರೋಗ್ಯ ಇಲಾಖೆ ಹೊರಬೇಕು. ಯಾರಿಗೆ ಬೇಕು ಎಂದು ಗುರುತಿಸಿ ಚೀಟಿ ಬರೆದು ಕಳುಹಿಸುವ ಕೆಲಸವನ್ನು ಔಷಧಿ ಅಂಗಡಿಗಳಿಗೆ ವಹಿಸಬಹುದು.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಈ ತಿಂಗಳು ಅಪ್ಪ ಅಮ್ಮನ ಮಾತ್ರೆ ತರಲು ಹೋದಾಗ ಅವರ ವಯಸ್ಸು, ಕಾಯಿಲೆ ಹೇಳಿ ಯಾವ ಲಸಿಕೆ ಬಾಕಿಯಿದೆ ಎಂದು ಫಾರ್ಮಸಿಸ್ಟರನ್ನು ಕೇಳಿ, ಆ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ, ಮಳೆಗಾಲದ ಜ್ವರ ಶುರುವಾಗುವ ಮುಂಚೆಯೇ ಹಾಕಿಸಿ.