‘ಬರೀ ಬಯಲು’ ಎನ್ನಬೇಡಿ

ಮಕ್ಕಳನ್ನು ನೋಡಲು ಇಂಗ್ಲೆಂಡಿಗೆ ಹೋಗಿಬರುವವರು ನಮ್ಮ ಪುಣೆಯ ಕನ್ನಡಿಗರಲ್ಲಿ ಈಗ ಕಡಿಮೆಯಿಲ್ಲ. ಸೌತಾಂಪ್ಟನ್ ಕಡೆ ಹೋದವರು ನ್ಯೂ ಫಾರೆಸ್ಟ್ ರಾಷ್ಟ್ರೀಯ ಉದ್ಯಾನವನ್ನೂ ನೋಡಿ ಬರುತ್ತಾರೆ. ಬಂದಮೇಲೆ ದೂರು ಒಂದೇ: ಕಾಡು ಎಂದು ಕರೆದೊಯ್ದರು, ಅರ್ಧ ಬರೀ ಬಯಲು! ಈ ‘ಬರೀ’ ಎಂಬ ಮಾತಿನ ಮೇಲೆಯೇ ನನ್ನ ತಕರಾರು.

ಸುಮಾರು 1079ರಲ್ಲಿ ಒಂದನೆಯ ವಿಲಿಯಂ ದೊರೆ ಬೇಟೆಗೆಂದು ಕಾದಿರಿಸಿಕೊಂಡ ನೆಲ ಅದು. ರಾಷ್ಟ್ರೀಯ ಉದ್ಯಾನವಾದದ್ದು 2005ರಲ್ಲಿ. ಓಕ್, ಬೀಚ್ ಮರಗಳ ಕಾಡು ದಾಟಿದರೆ ಅಲ್ಲಿಯವರು ‘ಹೀತ್’ ಎನ್ನುವ ಕುರುಚಲು ಬಯಲು. ಸಾರವಿಲ್ಲದ ಆಮ್ಲೀಯ ಮಣ್ಣು, ಗಿಡ್ಡನೆಯ ಹೆದರ್ ಗಿಡ, ಮುಳ್ಳಿನ ಗೋರ್ಸ್ ಪೊದೆ. ಆಗಸ್ಟಿನಲ್ಲಿ ಹೆದರ್ ಹೂಬಿಟ್ಟು ನೆಲವೆಲ್ಲ ನೇರಳೆ. ಇದು ಪಾಳುಬಿದ್ದ ಜಾಗವಲ್ಲ, ಶತಮಾನಗಳಿಂದ ಮೇಯಿಸಿ ಉಳಿಸಿಕೊಂಡದ್ದು. ಮೇಯಿಸುವುದು ನಿಂತರೆ ಬರ್ಚ್, ಪೈನ್ ಸಸಿಗಳು ಎದ್ದು ಬಯಲನ್ನು ನುಂಗುತ್ತವೆ. ನೆಲದ ಮೇಲೆ ಮೊಟ್ಟೆಯಿಡುವ ನೈಟ್‌ಜಾರ್ ಹಕ್ಕಿಗೆ ನೆಲೆ ತಪ್ಪುತ್ತದೆ.

ನಾವು ಕಾಡುಕುದುರೆಯೆಂದು ಫೋಟೋ ಹಿಡಿಯುವ ಆ ತಟ್ಟುಗಳಿಗೆಲ್ಲ ಒಡೆಯರಿದ್ದಾರೆ. ಸುತ್ತಲಿನ ಕೆಲವು ಮನೆ, ಜಮೀನುಗಳಿಗೆ ಮೇವಿನ ಹಕ್ಕು ಅಂಟಿಕೊಂಡು ಬಂದಿದೆ, ನಮ್ಮ ಗೋಮಾಳದ ಹಾಗೆ. ಆದರೆ ಅಲ್ಲಿ ಆ ಹಕ್ಕು ಕಾಯಲು ‘ವರ್ಡರರ್’ಗಳ ನ್ಯಾಯಸಭೆಯೇ ಇದೆ; ನಮ್ಮಲ್ಲಿ ಎಷ್ಟು ಗೋಮಾಳ ಸೈಟುಗಳಾದವೋ ಊರಿಗೆ ಹೋದಾಗ ನೀವೇ ಎಣಿಸಿ. (ತಟ್ಟುಗಳಿಗೆ ತಿಂಡಿ ಕೊಟ್ಟರೆ 2023ರಿಂದ ದಂಡ. ಉಳಿದ ಚಪಾತಿ ಹಿಡಿದು ಹೋಗುವವರು ನೆನಪಿಡಬೇಕು.)

ಅವರೂ ಇಪ್ಪತ್ತನೆಯ ಶತಮಾನದಲ್ಲಿ ಮರಮಟ್ಟಿನ ಆಸೆಗೆ ಹೀತಿನ ಮೇಲೆ ಪೈನ್ ನೆಟ್ಟವರೇ. ಈಗ ಎಷ್ಟೋ ಕಡೆ ಕಡಿದು ಬಯಲನ್ನು ಮರಳಿ ತರುತ್ತಿದ್ದಾರೆ. ನಾವೋ, ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ, ಓಡಾಡಲು ತೆರೆದ ಬಯಲೇ ಬೇಕಾದ ಪ್ರಾಣಿಯ ನೆಲದಲ್ಲಿ, ಸಾಲುಸಾಲು ನೀಲಗಿರಿ ನೆಟ್ಟೆವು! ನೆಟ್ಟದ್ದಕ್ಕೆ ಅರಣ್ಯೀಕರಣವೆಂಬ ಹೆಸರು ಬೇರೆ. ಮರವಿದ್ದರೆ ಪುಣ್ಯ, ಹುಲ್ಲಿದ್ದರೆ ಬಂಜರು ಎಂಬ ಈ ಲೆಕ್ಕವನ್ನು ನಮಗೆ ಕಲಿಸಿದವರಾರು? ಹುಲ್ಲಿನಿಂದಲೇ ಕುರಿ, ಕುರಿಯಿಂದಲೇ ಕಂಬಳಿ ಎಂದು ಬಲ್ಲ ನಾಡಿನವರಲ್ಲವೆ ನಾವು?

ಮಳೆ ಹಿಡಿದೊಡನೆ ಸಂಘ ಸಂಸ್ಥೆಗಳು ಬ್ಯಾನರು, ಸಸಿ ಹೊತ್ತು ಊರಾಚೆಯ ಬಯಲಿಗೆ ಹೊರಡುತ್ತವೆ. ಸಾಸವಡದ ಕಡೆಯ ಹುಲ್ಲುಬಯಲಿನಲ್ಲಿ ಇಂದಿಗೂ ತೋಳಗಳಿವೆ, ಅಲ್ಲಿ ಧನಗರರ ಕುರಿ ಮೇಯುತ್ತವೆ. ಅಲ್ಲಿ ಗುಂಡಿ ತೋಡುವುದು ಬೇಡ. ಈ ಸಲದ ಸಸಿಗಳನ್ನು ನಮ್ಮ ನಮ್ಮ ಕಾಲೋನಿಯ ರಸ್ತೆಬದಿಯಲ್ಲಿ ನೆಡೋಣ. ನೆರಳಿಲ್ಲದೆ ಒಣಗುತ್ತಿರುವುದು ಅದು. ಕಾರ್ಯಕಾರಿ ಸಮಿತಿ ಮುಂದಿನ ಸಭೆಯಲ್ಲಿ ಇದನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ.